ಗೌರಿಯ ಹತ್ತಿ ಸೀರೆ

ಈಗ ಯಾರಾದರೂ ಹಳೆಯ ದೇವರ ಪಟವನ್ನು ರಿಪೇರಿಗೆ ತಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಇದರ ಮೇಲಿನ ಬಟ್ಟೆ ಯಾರದು? ಬಂದವರು ನನ್ನ ಮುಖವನ್ನೇ ನೋಡುತ್ತಾರೆ. ದೇವರದ್ದು ಅನ್ನುತ್ತಾರೆ ಕೆಲವರು. ದೇವರ ಮೈಮೇಲೆ ಬರುವ ಮುಂಚೆ ಯಾರದಾಗಿತ್ತು ಎಂದು ಮತ್ತೆ ಕೇಳುತ್ತೇನೆ. ಗೊತ್ತಿಲ್ಲ ಎಂದರೆ, ಮನೆಯಲ್ಲಿ ಹಿರಿಯರಿದ್ದರೆ ಕೇಳಿಕೊಂಡು ಬನ್ನಿ, ಆಮೇಲೆ ಬಿಚ್ಚುತ್ತೇನೆ ಎಂದು ಪಟವನ್ನು ವಾಪಸು ಕೊಟ್ಟು ಕಳಿಸುತ್ತೇನೆ. ಮರಿಯಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಗಿರಾಕಿಯೊಬ್ಬರು ನನ್ನನ್ನು ಬಾಯಿಗೆ ಬಂದಂತೆ ಬೈದು ಹೋದರು. ಬೈಯಲಿ. ಆ ಬೈಗುಳ ನನಗೆ ಇನ್ನೂ ಮುಂಚೆ ಬೀಳಬೇಕಿತ್ತು.

ನಮ್ಮದು ಹೊಸಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಕಟ್ಟು ಹಾಕುತ್ತಿದ್ದ, ಅವ್ವ ಪಟಗಳಿಗೆ ಸೀರೆ ಉಡಿಸುತ್ತಿದ್ದಳು. ಹಾಗೆಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಾಗದದ ದೇವರ ಪಟವನ್ನು ತಂದು, ಅದರ ಮುಖ, ಕೈ, ಕಾಲುಗಳನ್ನು ಹಾಗೆಯೇ ಬಿಟ್ಟು, ಉಳಿದ ಮೈಗೆಲ್ಲ ನಿಜವಾದ ಬಟ್ಟೆ ಉಡಿಸುವುದು. ಅವ್ವ ದೇವಿಯ ಕತ್ತಿನ ಗೆರೆ, ಮುಂಗೈ ಗೆರೆಗಳ ಮೇಲೆ ಬ್ಲೇಡಿನ ತುದಿಯಿಂದ ಕಾಗದವನ್ನು ಸೀಳುತ್ತಿದ್ದಳು. ಬಟ್ಟೆಯ ಅಂಚನ್ನು ಆ ಸೀಳಿನೊಳಗೆ ತೂರಿಸಿ ಹಿಂದಿನಿಂದ ಎಳೆದರೆ ದೇವಿಯ ಬೆರಳುಗಳೇ ಸೆರಗನ್ನು ಹಿಡಿದುಕೊಂಡಂತೆ ಕಾಣುತ್ತಿತ್ತು. ಮೈ ತುಂಬಿಕೊಳ್ಳಲೆಂದು ಬಟ್ಟೆಯ ಕೆಳಗೆ ತೆಳ್ಳಗೆ ಹತ್ತಿ ಹಾಸುತ್ತಿದ್ದಳು. ನಿರಿಗೆಗಳಿಗೆ ಗಂಜಿ, ಅಂಚಿಗೆ ಜರಿ, ಕೊರಳಿಗೆ ಮಣಿ, ಕಿರೀಟಕ್ಕೆ ಚಮಕಿ. ಬಟ್ಟೆಯನ್ನು ಅಂಟಿಸುವುದಕ್ಕೆ ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟು, ಹುಳ ಹತ್ತಬಾರದು ಅಂತ. ಎಲ್ಲ ಆದ ಮೇಲೆ ಅಪ್ಪ ಗಾಜು ಕೂರಿಸಿ, ತೇಗದ ಕಟ್ಟು ಹಾಕಿ, ಬೆನ್ನಿಗೆ ಹಳೆಯ ಚಹಾ ಪೆಟ್ಟಿಗೆಯ ಹಲಗೆ ಬಡಿದು, ಸುತ್ತ ಕಾಗದ ಮೆತ್ತಿ ಗಾಳಿ ಹೋಗದಂತೆ ಮುಚ್ಚುತ್ತಿದ್ದ.

ಬಟ್ಟೆಯನ್ನು ಅವ್ವ ಕೊಳ್ಳುತ್ತಿರಲಿಲ್ಲ. ಪಟ ಮಾಡಿಸುವ ಮನೆಯವರೇ ತರಬೇಕು, ಅದು ನಮ್ಮ ಕಡೆಯ ರೂಢಿ. ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಲಕ್ಷ್ಮಿಗೆ ಆ ಮನೆಯ ಹಿರಿ ಸೊಸೆಯ ಧಾರೆ ಸೀರೆಯ ಸೆರಗು. ಸಂಡೂರಿನ ಒಬ್ಬ ಮೇಷ್ಟ್ರ ಮನೆಯ ಸರಸ್ವತಿಗೆ ತೀರಿಕೊಂಡ ತಾಯಿಯ ಕುಪ್ಪಸದ ಕಣ. ಎಮ್ಮಿಗನೂರಿನ ಒಕ್ಕಲಗಿತ್ತಿಯೊಬ್ಬಳು ಗಂಡನ ತಲೆಗೆ ಸುತ್ತುವ ಪಟಗಾದ ಒಂದು ಗೇಣು ಹರಿದು ತಂದು, ಪರಮೇಶ್ವರನಿಗೆ ಇದನ್ನೇ ಹೊದಿಸಬೇಕೆಂದು ಹಟ ಹಿಡಿದಿದ್ದಳಂತೆ. ಹೀಗೆ ಸುತ್ತಲಿನ ಊರುಗಳ ಗೋಡೆಗಳ ಮೇಲೆ ಆಯಾ ಮನೆಯವರ ಬಟ್ಟೆ ಉಟ್ಟ ದೇವರುಗಳು ಕುಳಿತಿದ್ದರು. ಉಳಿದ ಚೂರುಗಳು ಅವ್ವನ ಚಿಂದಿ ಡಬ್ಬಿಗೆ ಬೀಳುತ್ತಿದ್ದವು. ನಾನು ಹುಟ್ಟಿ ಬೆಳೆದದ್ದೇ ಆ ಡಬ್ಬಿಯ ಪಕ್ಕ. ಈ ರೂಢಿ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಮ್ಮ ಮನೆಯಲ್ಲಿ ನಡುಮನೆಯ ಗೋಡೆಗೆ ಇದ್ದದ್ದು ಗೌರಿ, ತೊಡೆಯ ಮೇಲೆ ಕೂಸು ಗಣಪ. ಊರ ದೇವಿಯರಿಗೆಲ್ಲ ರೇಷ್ಮೆ ಉಡಿಸುವ ಅವ್ವ ತನ್ನ ಮನೆಯ ಗೌರಿಗೆ ಮಾತ್ರ ಹತ್ತಿ ಉಡಿಸಿದ್ದಳು. ಜರಿಯಿಲ್ಲ, ಮಣಿಯಿಲ್ಲ. ನನಗೆ ನೆನಪಿರುವಾಗಿನಿಂದಲೂ ಅದು ಮಾಸಿದ ಬಣ್ಣದ್ದೇ. ಕೆಲಸ ಮಾಡಿಸಲು ಬಂದ ಹೆಂಗಸರು ಅದನ್ನು ನೋಡಿ, ನಿಮ್ಮ ಗೌರಮ್ಮನ ತವರು ಮನೆಯವರು ಭಾಳ ಬಡವರೇನವ್ವ ಎಂದು ಛೇಡಿಸುತ್ತಿದ್ದರು. ಅವ್ವ ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನೂ ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ. ಅವಳು ಸೂಜಿಯಿಂದ ತಲೆ ಎತ್ತದೆ, "ಅಕಿಗೆ ಮೆತ್ತಂದs ಸೇರ್ತೈತಿ" ಎಂದಿದ್ದಳು. ನಾನು ಅದು ಗೌರಿಯ ಬಗ್ಗೆ ಆಡಿದ ಮಾತು ಎಂದುಕೊಂಡೆ.

ಅಪ್ಪ ನನಗೆ ಕೆಲಸ ಕಲಿಸುವಾಗ ಮನೆಯಲ್ಲಿದ್ದ ಎಲ್ಲ ಪಟಗಳನ್ನೂ ಬಿಚ್ಚಿ ಜೋಡಿಸಲು ಕೊಟ್ಟ. ಮೂಲೆ ಕತ್ತರಿಸುವುದು, ಗಾಜು ಒಡೆಯದಂತೆ ಮೊಳೆ ಕೀಳುವುದು, ಅಂಟಿದ ಕಾಗದವನ್ನು ಹಬೆಯಲ್ಲಿ ಬಿಡಿಸುವುದು. ಗೌರಿಯ ಸರದಿ ಬಂದಾಗ ಮಾತ್ರ ಪಟವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಗೋಡೆಗೆ ತೂಗುಹಾಕಿದ. ಇದನ್ನು ಬಿಚ್ಚಬೇಡ, ಎಂದಿಗೂ ಬಿಚ್ಚಬೇಡ ಎಂದ. ಅದರ ಗಾಜು ಹಳೆಯ ಕಾಲದ್ದು, ಒಳಗೆ ಸಣ್ಣ ಗುಳ್ಳೆಗಳಿದ್ದವು, ಓರೆಯಾಗಿ ನೋಡಿದರೆ ನೀರಿನಂತೆ ಅಲುಗುತ್ತಿತ್ತು. ಗಾಜಿಗೆ ಹೆದರಿ ಹಾಗಂದ ಎಂದು ನಾನು ತಿಳಿದೆ. ಅಪ್ಪ ವಿವರಿಸುವ ಜಾತಿಯವನಲ್ಲ, ನಾನು ಕೇಳುವ ಜಾತಿಯವನಲ್ಲ. ಅವನು ತೀರಿಕೊಂಡು ಬಹಳ ವರ್ಷಗಳಾದವು.

ಈಗ ಸೀರೆ ಉಡಿಸುವ ಕೆಲಸ ಹೆಚ್ಚುಕಡಿಮೆ ನಿಂತೇಹೋಗಿದೆ. ಜನ ದೀಪ ಹತ್ತಿ ಆರುವ ಪ್ಲಾಸ್ಟಿಕ್ ಪಟ ತರುತ್ತಾರೆ. ಆದರೆ ಹಂಪಿಯ ಕಡೆ ಹಳೆಯದಕ್ಕೆ ಬೇಡಿಕೆ ಹುಟ್ಟಿಕೊಂಡಿತು. ಹೋಟೆಲು, ರೆಸಾರ್ಟುಗಳ ಗೋಡೆಗೆ ಆಂಟಿಕ್ ಬೇಕಂತೆ. ನಾನು ಅಂಥವುಗಳನ್ನು ದುರಸ್ತಿ ಮಾಡಿಕೊಡುವುದರಲ್ಲಿ ಹೆಸರು ಮಾಡಿದೆ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಅಂಗಡಿಗೆ ಬಂದವರು ನಡುಮನೆಯತ್ತ ಇಣುಕಿ ನಮ್ಮ ಗೌರಿಯ ಮುಂದೆ ಬಹಳ ಹೊತ್ತು ನಿಂತರು. ಮಾರುವುದಿಲ್ಲ ಎಂದೆ. ಮಾರದಿದ್ದರೆ ಬೇಡ, ಆದರೆ ಈ ಬಟ್ಟೆಯನ್ನು ಮಾತ್ರ ಮುಟ್ಟಬೇಡಿ, ಹಳೆಯದು ಹಳೆಯದಾಗಿಯೇ ಇರಲಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಪಟದ ಕೆಲಸವನ್ನು ನನಗೆ ಇವರು ಹೇಳಿಕೊಡಬೇಕೇ? ಅಪ್ಪ ಒಂದು ಕಾರಣಕ್ಕೆ, ಈ ಮನುಷ್ಯ ಇನ್ನೊಂದು ಕಾರಣಕ್ಕೆ, ಇಬ್ಬರೂ ಹೇಳಿದ್ದು ಒಂದೇ ಮಾತು. ನಾನು ಇಬ್ಬರದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾಲ್ಕೈದು ವರ್ಷ ಆಪರೇಷನ್ ಮಾಡಿಸೋಣ ಎಂದು ಬೆನ್ನು ಬಿದ್ದರೂ ಒಪ್ಪಲಿಲ್ಲ. ಎಂಬತ್ತು ದಾಟಿದವಳಿಗೆ ನೋಡುವುದು ಏನು ಬಾಕಿ ಇದೆ ಎನ್ನುತ್ತಿದ್ದಳು. ಆದರೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ಗೌರಿಯ ಮುಂದೆ ನಿಂತು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಅಂಗೈಯಿಂದ ಗಾಜು ಒರೆಸಿ, ಮತ್ತೆ ಹಣಕಿ ನೋಡುತ್ತಿದ್ದಳು. ಗಾಜು ಕೊಳೆಯಾಗಿದೆ ಎಂದು ನನ್ನನ್ನು ಬೈಯುತ್ತಿದ್ದಳು. ಗಾಜು ಕೊಳೆಯಾಗಿಲ್ಲ, ನಿನ್ನ ಕಣ್ಣು ಕೊಳೆಯಾಗಿದೆ ಎಂದು ನಾನೂ ರೇಗುತ್ತಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ, ಆಯಿತು, ಮಾಡಿಸು, ನನಗೆ ಒಂದು ನೋಡುವುದಿದೆ ಎಂದಳು. ಏನು ಎಂದು ನಾನು ಕೇಳಲಿಲ್ಲ. ಮರಿಮಗಳ ಮುಖ ಇರಬೇಕು ಎಂದುಕೊಂಡು ಖುಷಿಪಟ್ಟೆ.

ಆಪರೇಷನ್ ಚೆನ್ನಾಗಿ ಆಯಿತು. ಧೂಳು ತಾಗಬಾರದು ಎಂದರು ಡಾಕ್ಟರು. ನಮ್ಮದು ಹೊತ್ತು ಹುಟ್ಟಿದರೆ ಗರಗಸದ ಪುಡಿ ಹಾರುವ ಮನೆ. ಅದಕ್ಕೆ ಅವ್ವನನ್ನು ಕಂಪ್ಲಿಯಲ್ಲಿ ಅವಳ ತಂಗಿಯ ಮನೆಯಲ್ಲಿ, ನನ್ನ ಚಿಗವ್ವನ ಹತ್ತಿರ, ಹದಿನೈದು ದಿನ ಬಿಟ್ಟುಬಂದೆ. ಬರುವಾಗ ಬಸ್ಸಿನಲ್ಲೇ ನನಗೆ ಆ ಹಾಳು ಯೋಚನೆ ಬಂದದ್ದು. ಅವ್ವ ತಿಳಿಗಣ್ಣಿನಿಂದ ಮನೆಗೆ ಬಂದಾಗ ಗೌರಿಯೂ ಹೊಸದಾಗಿ ನಿಂತಿರಬೇಕು. ಜೀವಮಾನವೆಲ್ಲ ಊರವರ ದೇವಿಯರಿಗೆ ರೇಷ್ಮೆ ಉಡಿಸಿದವಳ ಗೌರಿ ಚಿಂದಿಯಲ್ಲಿ ಇರಬಾರದು.

ಮಾರನೆಯ ದಿನವೇ ಪಟ ಇಳಿಸಿದೆ. ಹಿಂದಿನ ಕಾಗದ ಬಿಡಿಸಿ, ಮೊಳೆ ಕಿತ್ತು, ಗಾಜನ್ನು ಹೂವಿನಂತೆ ಎತ್ತಿ ಬದಿಗಿಟ್ಟೆ. ಅಪ್ಪ ಅಷ್ಟು ಬಿಗಿಯಾಗಿ ಮುಚ್ಚಿದ್ದರೂ, ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳ ಕೆಂಪು ಧೂಳು ಕಟ್ಟಿನ ಒಳಅಂಚಿನಲ್ಲಿ ಸಣ್ಣ ಗೆರೆಯಾಗಿ ಕೂತಿತ್ತು. ಬಟ್ಟೆಯನ್ನು ಬಿಡಿಸಲೆಂದು ಹಬೆ ಹಿಡಿದೆ. ಅದು ಬಿಡಲಿಲ್ಲ. ನೋಡಿದರೆ ಅಂಟೇ ಇಲ್ಲ. ಅವ್ವ ಅದನ್ನು ಕಾಗದಕ್ಕೆ ಸೂಜಿಯಿಂದ ಹೊಲಿದಿದ್ದಳು, ಕೂದಲೆಳೆಯಂಥ ಹೊಲಿಗೆ, ನೂರಾರು. ಅವಳು ಯಾವ ಪಟಕ್ಕೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ವಿಚಿತ್ರ, ಬಟ್ಟೆಯನ್ನು ಎಲ್ಲಿಯೂ ಕತ್ತರಿಸಿರಲಿಲ್ಲ, ಮಡಚಿ ಮಡಚಿ ಒಳಗೆ ಸೇರಿಸಿದ್ದಳು. ಸೊಂಟದ ಹತ್ತಿರದ ಮಡಿಕೆಯೊಳಗೆ ಒಂದು ಸಣ್ಣ ಕಾಜಾ ಇತ್ತು, ಗುಂಡಿ ಹಾಕುವ ಕಾಜಾ. ಪಾಪ, ಆಗ ಬಡತನ, ಹಳೆಯ ಅಂಗಿಯನ್ನೇ ಬಳಸಿದ್ದಾಳೆ ಎಂದುಕೊಂಡೆ. ನಲವತ್ತು ವರ್ಷ ಇದೇ ಕೆಲಸ ಮಾಡಿದ ನನ್ನ ತಲೆಗೆ ಅಷ್ಟೇ ಹೊಳೆದದ್ದು. ಬ್ಲೇಡು ತೆಗೆದುಕೊಂಡು ಹೊಲಿಗೆಗಳನ್ನು ಒಂದೊಂದಾಗಿ ಕೊಯ್ದೆ.

ದೇವರ ಮೈಮೇಲಿನ ಬಟ್ಟೆಯನ್ನು ಕಸಕ್ಕೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು. ನಾನು ಶಾಸ್ತ್ರ ತಪ್ಪಲಿಲ್ಲ. ಆ ಮಾಸಿದ ಬಟ್ಟೆಗೆ ಕುಂಕುಮ ಹಚ್ಚಿ, ಎರಡು ಹೂವಿಟ್ಟು, ಬಾಳೆಲೆಯಲ್ಲಿ ಸುತ್ತಿ, ಊರ ಕಾಲುವೆಗೆ ಒಯ್ದು ಕೈಮುಗಿದು ಬಿಟ್ಟೆ. ಅಲ್ಲಿ ನಾನು ಸೋಮಾರಿಯಾಗಿದ್ದಿದ್ದರೆ, ಅಂಗಡಿಯ ಮೂಲೆಗೆ ಎಸೆದಿದ್ದರೆ, ಹಾಳಾಗಿ ಹೋಗಲಿ, ಕಸದ ಬುಟ್ಟಿಗೇ ಹಾಕಿದ್ದರೆ, ಇವತ್ತು ಈ ಬರಹದ ಅಗತ್ಯವಿರುತ್ತಿರಲಿಲ್ಲ. ಭಕ್ತಿಯಿಂದ ಮಾಡಿದೆ, ಅದಕ್ಕೇ ಹೋಯಿತು.

ಆಮೇಲೆ ಹತ್ತು ದಿನ ಕೆಲಸ ಮಾಡಿದೆ. ಮೊಳಕಾಲ್ಮುರು ರೇಷ್ಮೆ, ಹಳೆಯ ಸೀರೆಯಿಂದ ಬಿಡಿಸಿದ ನಿಜವಾದ ಜರಿ. ಬೆರಳ ಸೀಳಿನೊಳಗೆ ಸೆರಗು ತೂರಿಸುವುದು, ಹತ್ತಿ ಹಾಸುವುದು, ನಿರಿಗೆ ಹಿಡಿಯುವುದು, ಎಲ್ಲ ಅವ್ವ ಮಾಡುತ್ತಿದ್ದ ಹಾಗೆಯೇ ಮಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾದ ಕೆಲಸ ನಾನು ಮಾಡಿಲ್ಲ. ಈಗಲೂ ಅದನ್ನು ಒಪ್ಪಿಕೊಳ್ಳಲೇಬೇಕು. ಹಾಳಾದ್ದು, ಕೆಲಸ ಬಹಳ ಚೆನ್ನಾಗಿತ್ತು.

ಅವ್ವ ಬಂದದ್ದು ಮಧ್ಯಾಹ್ನ, ಕಪ್ಪು ಕನ್ನಡಕ ಹಾಕಿಕೊಂಡು, ಚಿಗವ್ವನ ಕೈ ಹಿಡಿದುಕೊಂಡು. ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ಮರಿಮಗಳು ಎದುರಿಗೆ ಬಂದರೆ ಅವಳ ತಲೆ ಸವರಿ ಬದಿಗೆ ಸರಿಸಿದಳು. ನೇರ ನಡುಮನೆಗೆ ಹೋದಳು. ನಾನು ಹಿಂದೆಯೇ ನಿಂತಿದ್ದೆ, ಹಲ್ಲು ಕಿಸಿದುಕೊಂಡು. ಅವಳು ಕನ್ನಡಕ ತೆಗೆದಳು. ಅಭ್ಯಾಸಬಲದಿಂದ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಆಮೇಲೆ ನಿಧಾನವಾಗಿ ಹಿಂದೆ ಸರಿದು ನಿಂತಳು. ಬಹಳ ಹೊತ್ತು ಹಾಗೇ ನಿಂತಿದ್ದಳು. ಅವಳಿಗೆ ಮಾತೇ ಹೊರಡದಷ್ಟು ಸಂತೋಷವಾಗಿದೆ ಎಂದು ನಾನು ಚಿಗವ್ವನತ್ತ ತಿರುಗಿ ಕಣ್ಣು ಮಿಟುಕಿಸಿದೆ. ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಹಳೇ ಅರಿವಿ ಎಲ್ಲಿ ಇಟ್ಟೀಯಪ್ಪ?" ಎಂದಳು ಅವ್ವ.

ಶಾಸ್ತ್ರೋಕ್ತವಾಗಿ ಕಾಲುವೆಗೆ ಬಿಟ್ಟೆ ಎಂದು ಹೇಳಿದೆ. ಕುಂಕುಮ ಹಚ್ಚಿದ್ದನ್ನೂ ಹೂವಿಟ್ಟದ್ದನ್ನೂ ಹೇಳಿದೆ.

"ಹೌದಾ," ಎಂದಳು. ಆಮೇಲೆ, "ಕೆಲಸ ಚೊಲೋ ಆಗೈತಿ," ಎಂದಳು. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಚಿಗವ್ವ ನನ್ನನ್ನು ತೋಳು ಹಿಡಿದು ಅಂಗಡಿಗೆ ಎಳೆದುಕೊಂಡು ಬಂದಳು. ಕುರ್ಚಿಯಲ್ಲಿ ಕೂರಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನಗಿಂತ ಮೊದಲು ಒಂದು ಕೂಸು ಹುಟ್ಟಿ ಉಳಿಯಲಿಲ್ಲ ಎಂಬಷ್ಟು ನನಗೆ ಗೊತ್ತಿತ್ತು, ಹಸುಗೂಸು ಇರಬೇಕು ಎಂದು ತಿಳಿದಿದ್ದೆ. ಹಸುಗೂಸಲ್ಲ. ಎರಡೂವರೆ ವರ್ಷದ ಹುಡುಗಿ, ಓಡಾಡುತ್ತಿದ್ದಳು, ಮಾತಾಡುತ್ತಿದ್ದಳು, ಅಪ್ಪನ ಸುತ್ತಿಗೆ ಕದ್ದು ಅಡಗಿಸಿಡುತ್ತಿದ್ದಳು. ನಾಲ್ಕು ದಿನದ ಜ್ವರಕ್ಕೆ ಹೋದಳು. ಆಗ ನಾನು ಹೊಟ್ಟೆಯಲ್ಲಿ ಐದು ತಿಂಗಳು. ಹೋದ ಕೂಸಿನ ಒಂದು ಚೂರು ಬಟ್ಟೆಯೂ ಮನೆಯಲ್ಲಿ ಇರಬಾರದು, ಹೊಟ್ಟೆಯಲ್ಲಿರುವುದಕ್ಕೆ ಕೇಡು ಎಂದು ಅಪ್ಪನ ತಾಯಿ ಎಲ್ಲವನ್ನೂ ಗಂಟು ಕಟ್ಟಿದಳು. ಗಂಟು ಹೋದದ್ದು ಅದೇ ಕಾಲುವೆಗೆ. ಹೆಸರನ್ನೂ ಎತ್ತಬಾರದು ಎಂದಳು. ಯಾರೂ ಎತ್ತಲಿಲ್ಲ.

ಒಂದು ಅಂಗಿಯನ್ನು ಮಾತ್ರ ಅವ್ವ ಚಿಂದಿ ಡಬ್ಬಿಯ ತಳಕ್ಕೆ ಹಾಕಿ ಮೇಲೆ ಊರವರ ರೇಷ್ಮೆ ಚೂರು ಮುಚ್ಚಿದ್ದಳು. ಕೂಸು ರೇಷ್ಮೆ ಹಾಕಿದರೆ ಚುಚ್ಚುತ್ತದೆ ಎಂದು ಅಳುತ್ತಿತ್ತಂತೆ, ಹತ್ತಿಯದೇ ಬೇಕು. ಡಬ್ಬಿಯಲ್ಲಿ ಎಷ್ಟು ದಿನ ಇಡಲಾದೀತು? ಗೌರಿಗೆ ಉಡಿಸಿಬಿಟ್ಟಳು. ದೇವರ ಮೈಮೇಲಿನ ಬಟ್ಟೆಯನ್ನು ತೆಗೆ ಎನ್ನುವ ಧೈರ್ಯ ಯಾವ ಅತ್ತೆಗೂ ಬರುವುದಿಲ್ಲ. ಅಂಗಿಯನ್ನು ಕತ್ತರಿಸಲು ಮನಸ್ಸು ಬರಲಿಲ್ಲ, ಮಡಚಿ ಹೊಲಿದಳು. ಅಂಟು ಹಾಕಿದರೆ ಕೂಸಿನ ವಾಸನೆ ಹೋಗುತ್ತದೆ ಎಂದು ಅಂಟು ಮುಟ್ಟಿಸಲಿಲ್ಲ. ಅಪ್ಪ ಒಂದು ಮಾತೂ ಆಡದೆ ಗಾಜು ಹಾಕಿ ಮುಚ್ಚಿಕೊಟ್ಟ. ನನ್ನ ಅಜ್ಜಿ ಬದುಕಿರುವ ತನಕ ಆ ಪಟಕ್ಕೆ ದಿನಾ ಕುಂಕುಮವಿಟ್ಟು ಕೈಮುಗಿದಳು.

"ಕಣ್ಣು ಮಾಡಿಸ್ಕೊಂಡಿದ್ದs ಅದಕ್ಕಪ್ಪ," ಎಂದಳು ಚಿಗವ್ವ. "ಸಾಯೂದ್ರೊಳಗ ಆ ಅಂಗಿ ಒಮ್ಮೆ ನೆಟ್ಟಗ ನೋಡಬೇಕು ಅಂತಿದ್ಲು. ದಿನಾ ಬೆರಳು ಎಣಿಸೂದು, ಇನ್ನ ಎಷ್ಟು ದಿನ, ಇನ್ನ ಎಷ್ಟು ದಿನ ಅಂತ."

ನನ್ನ ಕೈಯನ್ನು ಯಾರಾದರೂ ಗರಗಸಕ್ಕೆ ಕೊಟ್ಟಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಎದ್ದು ಗಾಡಿ ಹತ್ತಿದೆ. ಎರಡು ವಾರದ ಹಿಂದೆ ಬಿಟ್ಟದ್ದು ಎಲ್ಲಿ ಸಿಗಬೇಕು? ಅದು ಗೊತ್ತಿದ್ದೂ ಹೋದೆ. ಕಾಲುವೆಯ ದಂಡೆ ಹಿಡಿದು ಬಾಳೆ ತೋಟ, ಕಬ್ಬು, ಗದ್ದೆ ದಾಟಿ, ತೂಬು ಕಂಡಲ್ಲೆಲ್ಲ ಇಳಿದೆ. ಕಬ್ಬಿಣದ ಸರಳುಗಳಿಗೆ ಊರಿನ ದೇವರುಗಳೆಲ್ಲ ಬಂದು ಸಿಕ್ಕಿಕೊಂಡಿದ್ದರು. ಒಡೆದ ಕಟ್ಟುಗಳು, ನೆನೆದು ಮುಖ ಹೋದ ಪಟಗಳು, ಹಾರಗಳು, ಎಷ್ಟೊಂದು ಬಟ್ಟೆಗಳು. ಕೆಲವು ಕಟ್ಟುಗಳ ಮೂಲೆ ನೋಡಿಯೇ ಅಪ್ಪನ ಕೆಲಸ ಎಂದು ಗುರುತು ಹಿಡಿದೆ. ನೀರು ಬಿಡುವ ಮನುಷ್ಯ ಬಂದು ಏನು ಹುಡುಕುತ್ತೀರಿ ಎಂದ. ಒಂದು ಅಂಗಿ ಎಂದೆ. ಯಾವ ಬಣ್ಣ ಎಂದ. ಮಾಸಿದ್ದು ಎಂದೆ. ಅವನು ಸರಳುಗಳ ಕಡೆ ಕೈ ತೋರಿಸಿದ. ಅಲ್ಲಿದ್ದದ್ದೆಲ್ಲ ಮಾಸಿದ್ದೇ. ನಾನು ದಂಡೆಯ ಮೇಲೆ ಕುಳಿತು ಅತ್ತೆ, ಅರವತ್ತರ ಹತ್ತಿರದ ಮನುಷ್ಯ, ಮೊಣಕಾಲ ತನಕ ರಾಡಿ. ಅವನು ತನ್ನ ಕೆಲಸಕ್ಕೆ ಹೋದ.

ಮನೆಗೆ ಬಂದಾಗ ಅವ್ವ ಎದ್ದು ಕುಳಿತಿದ್ದಳು. ಅವಳ ಕಾಲ ಹತ್ತಿರ ಕುಳಿತೆ. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ, ನನಗೂ ಬರಲಿಲ್ಲ. ಆ ರೇಷ್ಮೆಯನ್ನು ಇವತ್ತೇ ಕಿತ್ತು ಹಾಕುತ್ತೇನೆ ಎಂದೆ. ಬೇಡ, ಪಾಪ, ಗೌರಿ ಬತ್ತಲೆ ಇರಬೇಕೇನು ಎಂದಳು. ನನ್ನ ರಾಡಿ ಮೆತ್ತಿದ ಕಾಲುಗಳನ್ನು ನೋಡಿದಳು. ಅವಳಿಗೆ ಈಗ ಎಲ್ಲ ಕಾಣುತ್ತಿತ್ತು, ನನ್ನ ಉಗುರಿನ ಸಂದಿಯ ಕೊಳೆಯೂ. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

"ನೀ ಬಿಚ್ಚಿದಾಗ ಆ ಅಂಗಿ ಮ್ಯಾಲಿನ ಹೂವು ಉಳದಿದ್ವಾ? ನಂಗ ಇಷ್ಟು ದಿನ ಬರೇ ಮಂಜು ಕಾಣ್ತಿತ್ತು. ನೀ ಬೆಳಕಿನಾಗ ನೋಡೀಯಲ್ಲ."

ಆ ಅಂಗಿಯನ್ನು ಕೊನೆಗೆ ನೋಡಿದವನು ನಾನು. ಮೇಜಿನ ಮೇಲೆ, ದೊಡ್ಡ ಬಲ್ಬಿನ ಕೆಳಗೆ, ಅರ್ಧ ದಿನ. ಹೊಲಿಗೆ ನೋಡಿದೆ, ಕಾಜಾ ನೋಡಿದೆ, ಧೂಳು ನೋಡಿದೆ. ಬಟ್ಟೆಯನ್ನು ನೋಡಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಅದರ ಮೇಲೆ ಏನಿತ್ತು ಎಂದು ಕಣ್ಣಿಗೆ ಬರಲಿಲ್ಲ.

"ಇದ್ವು, ಅವ್ವ," ಎಂದೆ. "ಸಣ್ಣ ಸಣ್ಣ ನೀಲಿ ಹೂವು. ಚೊಲೋ ಕಾಣ್ತಿದ್ವು."

ಅವ್ವ ನನ್ನ ಕಡೆ ತಿರುಗಿದಳು. ಆ ಹೊಸ ಕಣ್ಣುಗಳಿಂದ ನನ್ನ ಮುಖವನ್ನು ನೋಡಿದಳು. ಆಮೇಲೆ ನನ್ನ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನೀಲಿ ಅಲ್ಲಪ್ಪ," ಎಂದಳು. "ಕೆಂಪು ಇದ್ವು. ಹೋಗ್ಲಿ ಬಿಡು, ನೀ ಅಕಿನ್ನ ನೋಡಿಲ್ಲಲ್ಲ."